ಕೊಬ್ಬರಿ ಸೀಮೆಯ ಯಂತ್ರ ಗುಮಾಸ್ತನಿಗೆ ಕನ್ನಡ ಬೇಡವೇ?

ತುರುವೇಕೆರೆ ತಾಲ್ಲೂಕಿನ ದಂಡಿನಶಿವರ ಹೋಬಳಿಯ ಒಂದು ಹಳ್ಳಿಯಲ್ಲಿ ನಮ್ಮ ದೊಡ್ಡಪ್ಪ ಇದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಎರಡು ಎಕರೆ ತೆಂಗು, ಮನೆ ಮೇಲೆ ಅಟ್ಟ, ಅಟ್ಟದ ತುಂಬಾ ಕಾಯಿ. ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಹಿಡಿದು ಕೊನೆಯ ಪುಟದ ಮುದ್ರಕರ ವಿಳಾಸದವರೆಗೆ ಓದುವ ಮನುಷ್ಯ. ಪಹಣಿಯಲ್ಲಿ ಒಂದಕ್ಷರ ತಪ್ಪಿದ್ದರೂ ತಾಲ್ಲೂಕು ಕಚೇರಿಯಲ್ಲಿ ಪಟ್ಟು ಹಿಡಿದು ಕೂತು ಸರಿ ಮಾಡಿಸಿಕೊಂಡೇ ಬರುವವರು. ಅಂಥವರನ್ನು ಅನಕ್ಷರಸ್ಥ ಎನ್ನಲು ಯಾರಿಗೆ ಬಾಯಿ ಬಂದೀತು?

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಪಾಸ್‌ಬುಕ್ಕನ್ನು ನನ್ನ ಮುಂದೆ ಹಾಕಿದರು.

"ನೋಡ್ಲಾ ಮಗ, ಮೂರು ತಿಂಗಳಿಗೊಂದು ಸಲ ಮುನ್ನೂರು ರೂಪಾಯಿ ಹೋಗ್ತಾ ಐತೆ. ನಾನು ಯಾರಿಗೂ ಕೊಟ್ಟಿಲ್ಲ. ಬ್ಯಾಂಕಿನೋರನ್ನ ಕೇಳಿದ್ರೆ, ನೀವೇ ಒಪ್ಪಿದೀರ ಅಂತಾರೆ."

ಫೋನು ಕೆದಕಿ ನೋಡಿದೆ. ಕೊಬ್ಬರಿ ದರ ಹೇಳುವ, ತೆಂಗಿನ ರೋಗಕ್ಕೆ ಸಲಹೆ ಕೊಡುವ ಒಂದು ಸಣ್ಣ ಸೇವೆಗೆ ಅವರು ಸದಸ್ಯರಾಗಿದ್ದರು. ಮೊದಲ ತಿಂಗಳು ಬಿಟ್ಟಿ. ಪಕ್ಕದ ಮನೆ ಹುಡುಗ "ಇಲ್ಲಿ ಒತ್ತಿ ದೊಡ್ಡಪ್ಪ" ಅಂದಿದ್ದ, ಇವರು ಒತ್ತಿದ್ದರು. ಅಲ್ಲಿಂದ ಮುಂದೆ ಐದು ಸಲ ಹಣ ಹೋಗಿದೆ. ಐದೂ ಸಲ ಹಿಂದಿನ ದಿನ ಒಂದು ಸಂದೇಶ ಬಂದಿದೆ: ನಾಳೆ ಹಣ ಕಡಿತವಾಗುತ್ತದೆ, ಬೇಡವಾದರೆ ಇಲ್ಲಿ ಒತ್ತಿ ನಿಲ್ಲಿಸಿ ಎಂದು. ಐದೂ ಇಂಗ್ಲಿಷಿನಲ್ಲಿ! ಸಾಲ ಬೇಕೇ, ಲಾಟರಿ ಬೇಕೇ ಎನ್ನುವ ಕಸದ ರಾಶಿಯ ನಡುವೆ ಐದೂ ಓದದೆ ಬಿದ್ದಿದ್ದವು. ಒಟ್ಟು 1,500 ರೂಪಾಯಿ ಹೋಗಿತ್ತು.

ಇದು ಮೋಸವೇ? ಅಲ್ಲ. ಅದೇ ಇಲ್ಲಿಯ ವಿಪರ್ಯಾಸ. ಆ ಸೇವೆ ನಡೆಸುವವನು ನಮ್ಮ ಕಡೆಯ ಹುಡುಗನೇ. ಫೋನು ಮಾಡಿದರೆ ಅಚ್ಚ ಕನ್ನಡದಲ್ಲಿ ಮಾತಾಡಿದ. "ಅಣ್ಣಾ, ನಾವು ಕೈಯಾರೆ ಏನೂ ಕಳಿಸಲ್ಲ. ಎಲ್ಲಾ ಸಿಸ್ಟಮ್ಮೇ ಮಾಡೋದು. ಒಕ್ಕಣೆ ಇಂಗ್ಲಿಷಿನಲ್ಲೇ ಬಂದಿತ್ತು, ಹಾಗೇ ಬಿಟ್ವಿ" ಎಂದ. ಕೇಳಿದ ಕೂಡಲೇ ಹಣ ವಾಪಸು ಹಾಕಿದ. ಒಳ್ಳೆಯ ಹುಡುಗನೇ.

ಓದುಗರೇ, ಆ "ಹಾಗೇ ಬಿಟ್ವಿ" ಎನ್ನುವ ಎರಡು ಮಾತಿನ ಮೇಲೆಯೇ ಇವತ್ತಿನ ಈ ಬರಹ. ಕನ್ನಡವನ್ನು ನಮ್ಮ ಊರುಗಳಿಂದ ಹೊರಗೆ ಹಾಕುತ್ತಿರುವವರು ಎಲ್ಲಿಂದಲೋ ದಂಡೆತ್ತಿ ಬಂದ ವೈರಿಗಳಲ್ಲ. "ಹಾಗೇ ಬಿಟ್ಟ" ನಮ್ಮವರೇ!

ಏನಿದು ತಂತಾನೇ ನಡೆಯುವ ವ್ಯವಸ್ಥೆ?

ಸದಸ್ಯತ್ವದ ವ್ಯವಹಾರ ಕನ್ನಡ ನಾಡಿಗೆ ಹೊಸದಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದಿಂದ ಹಿಡಿದು ಇವತ್ತು ಊರೂರಿನಲ್ಲಿರುವ ಹಾಲಿನ ಡೇರಿಯವರೆಗೆ ಎಲ್ಲವೂ ನಿಂತಿರುವುದು ಸದಸ್ಯತ್ವದ ಮೇಲೆಯೇ. ಷೇರು ಹಣ ಕಟ್ಟು, ಹೆಸರು ಬರೆಸು, ರಸೀದಿ ತಗೋ, ಸಭೆಗೆ ಬಾ, ಕೈ ಎತ್ತು. ಈ ಲೆಕ್ಕವನ್ನೆಲ್ಲ ಒಬ್ಬ ಗುಮಾಸ್ತ ಕನ್ನಡದಲ್ಲಿ ಬರೆಯುತ್ತಿದ್ದ. ಅವನ ಕೈಬರಹ ಕೆಟ್ಟದಾಗಿದ್ದಿರಬಹುದು. ಭಾಷೆ ಮಾತ್ರ ಸದಸ್ಯನದೇ ಆಗಿತ್ತು.

ಈಗ ಅದೇ ವ್ಯವಹಾರ ಫೋನಿಗೆ ಬಂದಿದೆ. ಕೊಬ್ಬರಿ ದರ ತಿಳಿಸುವವರು, ಬೆಂಗಳೂರಿನ ಮನೆಗಳಿಗೆ ತಿಂಗಳಿಗೊಮ್ಮೆ ಕೊಬ್ಬರಿ, ಎಣ್ಣೆ ಮುಟ್ಟಿಸುವ ರೈತರ ಗುಂಪುಗಳು, ಹತ್ತನೇ ತರಗತಿ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು, ಉತ್ಪಾದಕರ ಕಂಪನಿ ಕಟ್ಟಿಕೊಂಡ ರೈತರು. ಒಬ್ಬರೋ ಇಬ್ಬರೋ ನಡೆಸುವ ವ್ಯವಹಾರ. ನಾನ್ನೂರು ಸದಸ್ಯರಾದರೆ ಯಾರ ಗಡುವು ಯಾವತ್ತು ಎಂದು ನೆನಪಿಟ್ಟುಕೊಳ್ಳಲು ಮನುಷ್ಯನಿಂದ ಆಗುವುದಿಲ್ಲ. ಆಗ ಯಂತ್ರದ ಗುಮಾಸ್ತನನ್ನು ಇಟ್ಟುಕೊಳ್ಳುತ್ತಾರೆ.

ಈ ಯಂತ್ರ ಗುಮಾಸ್ತನ ಕೆಲಸ ಐದು. ಹೆಸರು ಬರೆದುಕೊಳ್ಳುವುದು, ಹಣ ಎತ್ತುವುದು, ರಸೀದಿ ಕೊಡುವುದು, ಗಡುವು ನೆನಪಿಸುವುದು, ಬಿಟ್ಟು ಹೋಗುವವರನ್ನು ಮರ್ಯಾದೆಯಿಂದ ಕಳಿಸಿಕೊಡುವುದು. ಇದರ ಒಳಗುಟ್ಟು ದೊಡ್ಡದೇನಲ್ಲ. ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಹೆಸರು, ಫೋನ್ ನಂಬರು, ಮೊತ್ತ, ಗಡುವಿನ ದಿನ ಎಂದು ಒಂದೊಂದು ಕಾಲಂ. ಯಂತ್ರ ದಿನಕ್ಕೊಮ್ಮೆ ಪಟ್ಟಿಯ ಮೇಲೆ ಕಣ್ಣಾಡಿಸುತ್ತದೆ. ಗಡುವಿಗೆ ಏಳು ದಿನ ಉಳಿದವರಿಗೆ ಸಂದೇಶ ಹೋಗುತ್ತದೆ. ಹಣ ಬಂದರೆ ಪಾವತಿ ನಡೆಸುವ ಸಂಸ್ಥೆಯ ಕಡೆಯಿಂದ ಪಟ್ಟಿಗೆ ಸೂಚನೆ ಬರುತ್ತದೆ, ಗಡುವು ಮುಂದಕ್ಕೆ ಹೋಗುತ್ತದೆ, ರಸೀದಿ ಹೊರಡುತ್ತದೆ. ಹಣ ಬಾರದಿದ್ದರೆ ಇನ್ನೊಂದು ನೆನಪೋಲೆ, ಆಮೇಲೆ ಬಾಗಿಲು ಬಂದ್. ಅಷ್ಟೇ!

ಈ ಪಟ್ಟಿಗೆ "ಭಾಷೆ" ಎಂಬ ಇನ್ನೊಂದು ಕಾಲಂ ಸೇರಿಸುವುದು, ಅದರಲ್ಲಿ ಎಲ್ಲರಿಗೂ ಮೊದಲೇ "ಕನ್ನಡ" ಎಂದು ತುಂಬಿಟ್ಟು, ಬೇರೆ ಬೇಕಾದವರು ಬದಲಾಯಿಸಿಕೊಳ್ಳಲಿ ಎನ್ನುವುದು ಶುರುವಿನಲ್ಲಾದರೆ ಒಂದು ದಿನದ ಕೆಲಸ. ಎರಡು ವರ್ಷ ಬಿಟ್ಟು ಹೊರಟರೆ ಮನೆಯ ಅಡಿಪಾಯ ಅಗೆದಂತೆ. ಹಾಗಾಗಿ ಕನ್ನಡದ ಮಾತು ಎತ್ತಬೇಕಾದದ್ದು ಅಂಗಡಿ ತೆರೆದ ಮೇಲಲ್ಲ, ತೆರೆಯುವ ಮೊದಲ ದಿನ.

ಅಟ್ಟದ ಮೇಲಿನ ಪಾಠ

ನಾವೇನು ಯಂತ್ರದ ವಿರೋಧಿಗಳಲ್ಲ. ತಂತಾನೇ ನಡೆಯುವ ಕೆಲಸ ಏನೆಂಬುದನ್ನು ತಿಪಟೂರು ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಅಟ್ಟವೇ ಅಂಥ ಒಂದು ವ್ಯವಸ್ಥೆ. ಬಲಿತ ಕಾಯಿಯನ್ನು ಅಟ್ಟಕ್ಕೆ ಏರಿಸಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ತಾನೇ ಇಂಗಿ, ತಿರುಳು ತಾನೇ ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಆದರೆ ಯಜಮಾನ ಸುಮ್ಮನೆ ಇರುತ್ತಾನೆಯೇ? ಆಗಾಗ ಅಟ್ಟ ಹತ್ತಿ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಗಡಗಡ ಎಂದರೆ ಆಗಿದೆ, ಇಲ್ಲದಿದ್ದರೆ ಇನ್ನೂ ಇರಲಿ. ಕೆಲಸ ತಂತಾನೇ ನಡೆಯಲಿ, ಆದರೆ ಅದರ ಸದ್ದು ಯಜಮಾನನಿಗೆ ತಿಳಿಯಬೇಕು. ಫೋನಿನೊಳಗಿನ ವ್ಯವಸ್ಥೆಗೂ ಇದೇ ಮಾತು. ಸದಸ್ಯನಿಗೆ ಅರ್ಥವಾಗದ ಭಾಷೆಯಲ್ಲಿ ಸದ್ದು ಮಾಡುವ ಯಂತ್ರ ಅವನ ಪಾಲಿಗೆ ಮೂಕ.

ಯಂತ್ರ ಕನ್ನಡ ಕಲಿತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. 2000ದ ಹೊತ್ತಿಗೆ "ಭೂಮಿ" ಯೋಜನೆ ಬಂತು. 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿ ಹೋಯಿತು, 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬಂತು. ಯಾವ ಭಾಷೆಯಲ್ಲಿ? ಕನ್ನಡದಲ್ಲಿ! ಕಂಪ್ಯೂಟರಿನಲ್ಲಿ ಕನ್ನಡ ಕೂರಿಸಲು ಇಂದಿಗಿಂತ ಹತ್ತು ಪಟ್ಟು ಕಷ್ಟವಿದ್ದ ಕಾಲ ಅದು. ರೈತ ಅದನ್ನು ಓದಿದ, ತಪ್ಪು ಹುಡುಕಿದ, ತಿದ್ದಿಸಿದ. ಅದೇ ಪಹಣಿ ಇಂಗ್ಲಿಷಿನಲ್ಲಿ ಬಂದಿದ್ದರೆ? ತಪ್ಪು ತಪ್ಪಾಗಿಯೇ ಉಳಿಯುತ್ತಿತ್ತು, ಓದಿ ಹೇಳುವ ದಲ್ಲಾಳಿಗೆ ಹಬ್ಬವಾಗುತ್ತಿತ್ತು. 2 ಕೋಟಿ ದಾಖಲೆಗೆ ಸಾಧ್ಯವಾದದ್ದು ನಾನ್ನೂರು ಸದಸ್ಯರ ಪಟ್ಟಿಗೆ ಸಾಧ್ಯವಿಲ್ಲವೇ ಸ್ವಾಮಿ?

"ಕನ್ನಡ ದುಬಾರಿ" ಎಂಬ ನೆಪ

ಇವರು ಹೇಳುವ ಮೊದಲ ನೆಪ ಖರ್ಚು. "ಕನ್ನಡದ ಎಸ್ಸೆಮ್ಮೆಸ್ಸಿಗೆ ದುಡ್ಡು ಜಾಸ್ತಿ." ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಅದನ್ನು ಮುಚ್ಚಿಡುವುದು ಬೇಡ. ಒಂದು ಎಸ್ಸೆಮ್ಮೆಸ್ಸಿನ ಚೀಲದಲ್ಲಿ ಹಿಡಿಯುವುದು 140 ಬೈಟು. ಇಂಗ್ಲಿಷಿನ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ ಹಿಡಿಯುತ್ತವೆ. ಕನ್ನಡದ ಒಂದೊಂದು ಚಿಹ್ನೆಗೆ 16 ಬಿಟ್ ಬೇಕು, ಹಾಗಾಗಿ ಹಿಡಿಯುವುದು 70. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. 70 ದಾಟಿದರೆ ಸಂದೇಶ ಎರಡು ತುಂಡು, ತುಂಡು ತುಂಡಿಗೂ ದುಡ್ಡು.

ಇದು ಕನ್ನಡದ ದೋಷವೇ? "ಚಿಕ್ಕನಾಯಕನಹಳ್ಳಿ" ಎಂದು ಕನ್ನಡದಲ್ಲಿ ಬರೆದರೆ 15 ಚಿಹ್ನೆ. ಇಂಗ್ಲಿಷಿನಲ್ಲಿ ಬರೆದರೆ 19 ಅಕ್ಷರ! ಹೆಸರು ಚಿಕ್ಕದಾಗಿರುವುದು ಕನ್ನಡದಲ್ಲೇ. ಚೀಲ ಹೊಲಿದವರು ಮಾತ್ರ ನಮ್ಮ ಅಳತೆ ನೋಡಿ ಹೊಲಿಯಲಿಲ್ಲ. ಮೊಬೈಲ್ ಸಂದೇಶದ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಕನ್ನಡವೂ ಸೇರಿದಂತೆ ಭಾರತದ ಹಲವು ಭಾಷೆಗಳಿಗೆ 7 ಬಿಟ್ಟಿನ ಪ್ರತ್ಯೇಕ ಅಕ್ಷರ ಕೋಷ್ಟಕಗಳನ್ನು ಆಮೇಲೆ ಸೇರಿಸಿದ್ದಾರೆ. ಆದರೆ ಸಗಟು ಸಂದೇಶ ಮಾರುವವರು ಕನ್ನಡಕ್ಕೆ ಹಾಕುವುದು 70ರ ಲೆಕ್ಕವನ್ನೇ.

ಆಗಲಿ, ಹೆಚ್ಚಿನ ಖರ್ಚನ್ನೇ ಲೆಕ್ಕ ಹಾಕೋಣ. ನಾನ್ನೂರು ಸದಸ್ಯರು, ತಿಂಗಳಿಗೆ ಎರಡು ಸಂದೇಶ. ವರ್ಷಕ್ಕೆ 9,600 ಸಂದೇಶ. ಪ್ರತಿಯೊಂದಕ್ಕೂ ಒಂದು ತುಂಡು ಹೆಚ್ಚು ಎಂದೇ ಹಿಡಿಯಿರಿ. ತುಂಡಿಗೆ 25 ಪೈಸೆ ಎಂದೇ ಇಟ್ಟುಕೊಳ್ಳಿ. ವರ್ಷಕ್ಕೆ 2,400 ರೂಪಾಯಿ. ಸದಸ್ಯನೊಬ್ಬನಿಗೆ ವರ್ಷಕ್ಕೆ 6 ರೂಪಾಯಿ! ಒಂದು ತೆಂಗಿನಕಾಯಿಯ ಬೆಲೆಯೂ ಇಲ್ಲ. ತೆಂಗಿನ ಸೀಮೆಯಲ್ಲಿ ಕೂತು ಒಂದು ಕಾಯಿಯ ದುಡ್ಡಿಗೆ ತಾಯಿನುಡಿಯನ್ನು ಹೊರಗೆ ನಿಲ್ಲಿಸುವುದೇ?

ಅದೂ ಬೇಕಾಗಿಲ್ಲ. ಈ ಒಕ್ಕಣೆ ನೋಡಿ: "ನಿಮ್ಮ ಸದಸ್ಯತ್ವ ಮಾ.31ಕ್ಕೆ ಮುಗಿಯುತ್ತದೆ. ಮುಂದುವರಿಸಲು 300 ರೂ. ಕಟ್ಟಿ." ಚುಕ್ಕಿ, ಜಾಗ ಎಲ್ಲ ಸೇರಿ 64. ಸಂಘದ ಗುರುತಿಗೆ ಇನ್ನೂ 6 ಉಳಿದಿದೆ. ಒಂದೇ ತುಂಡಿನಲ್ಲಿ ಮುಗಿಯಿತು. ಕನ್ನಡ ಬಲ್ಲವನು ಅರ್ಧ ಗಂಟೆ ಕೂತರೆ ಇಂಥ ಹತ್ತು ಒಕ್ಕಣೆ ಬರೆಯುತ್ತಾನೆ. ಟ್ರಾಯ್‌ನ 2018ರ ನಿಯಮದ ಪ್ರಕಾರ ಇಂಥ ಒಕ್ಕಣೆಗಳನ್ನು ಮೊದಲೇ ನೋಂದಾಯಿಸಬೇಕು. ಕನ್ನಡದಲ್ಲಿ ನೋಂದಾಯಿಸಲು ಯಾವ ಅಡ್ಡಿಯೂ ಇಲ್ಲ. ಇನ್ನು ವಾಟ್ಸಾಪಿನ ವ್ಯಾಪಾರಿ ಸಂದೇಶಕ್ಕೆ ದರ ನಿಗದಿಯಾಗುವುದು ದೇಶ ಮತ್ತು ಸಂದೇಶದ ಬಗೆ ನೋಡಿ, ಅಕ್ಷರ ಎಣಿಸಿ ಅಲ್ಲ. ಅಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ ಬೆಲೆ. ಹಾಗಾದರೆ ಅಲ್ಲಿ ಯಾವ ನೆಪ?

ಯಂತ್ರದ ಬಾಯಿಯ ಕನ್ನಡವೂ ಬೇಡ

ಇನ್ನು ಕೆಲವರು ಮಹಾಶಯರು ಇದ್ದಾರೆ. "ನಾವು ಕನ್ನಡ ಹಾಕಿದ್ದೀವಲ್ಲ" ಎನ್ನುತ್ತಾರೆ. ಹೇಗೆ ಹಾಕಿದ್ದಾರೆ? ಇಂಗ್ಲಿಷ್ ಒಕ್ಕಣೆಯನ್ನು ಅನುವಾದದ ಯಂತ್ರದ ಬಾಯಿಗೆ ತುರುಕಿ, ಬಂದದ್ದನ್ನು ಹಾಗೇ ಬಿಟ್ಟಿದ್ದಾರೆ. ಮತ್ತೆ ಅದೇ "ಹಾಗೇ ಬಿಟ್ವಿ"!

"ಪ್ಲಾನ್ ಎಕ್ಸ್‌ಪೈರ್ಡ್" ಎನ್ನುವುದು "ನಿಮ್ಮ ಯೋಜನೆ ಅವಧಿ ಮೀರಿದೆ" ಎಂದು ಬರುತ್ತದೆ. ನಮ್ಮ ಹಳ್ಳಿಯಲ್ಲಿ ಯೋಜನೆ ಎಂದರೆ ಸರ್ಕಾರದ ಯೋಜನೆ. ಇದನ್ನು ಓದಿದ ರೈತ ತನಗೆ ಬರಬೇಕಾದ ಸಹಾಯಧನವೇ ನಿಂತುಹೋಯಿತೇನೋ ಎಂದು ಕೃಷಿ ಇಲಾಖೆಗೆ ಓಡಿದರೆ ತಪ್ಪು ಯಾರದು? "ರಿನ್ಯೂವಲ್" ಎಂಬುದು "ನವೀಕರಣ" ಆಗುತ್ತದೆ. ನವೀಕರಣ ಎಂದರೆ ನಮಗೆ ನೆನಪಾಗುವುದು ಹಳೇ ದೇವಸ್ಥಾನಕ್ಕೆ ಸುಣ್ಣ ಬಣ್ಣ. ಉಂಡೆ ಕೊಬ್ಬರಿಯನ್ನು "ಚೆಂಡು ಕೊಬ್ಬರಿ" ಎಂದು ಬರೆದರೆ ಹೊನ್ನವಳ್ಳಿ, ಹುಳಿಯಾರಿನ ರೈತ ನಗುತ್ತಾನೆ, ನಕ್ಕು ಫೋನು ಕೆಳಗಿಡುತ್ತಾನೆ.

ನಮ್ಮಲ್ಲಿ ಮಾತಿಲ್ಲವೇ? ಪತ್ರಿಕೆಗೆ ಹಣ ಕಟ್ಟುವವರು "ಚಂದಾ" ಎನ್ನುತ್ತಾರೆ. "ನಿಮ್ಮ ಚಂದಾ ಮುಗಿಯಿತು" ಎಂದರೆ ಯಾರಿಗೆ ಅರ್ಥವಾಗದು? "ಕೊನೇ ದಿನ", "ಬಾಕಿ", "ರಸೀದಿ", "ಸಾಕು, ನಿಲ್ಲಿಸಿ" ಇವೆಲ್ಲ ಸಂತೆಯಲ್ಲಿ, ಮಂಡಿಯಲ್ಲಿ, ಡೇರಿಯಲ್ಲಿ ಸವೆದು ನುಣುಪಾದ ಮಾತುಗಳು. ಇವನ್ನು ಬಲ್ಲವರು ಬೇಕು. ಅಂದರೆ ಈ ಮಣ್ಣಿನ ಮಕ್ಕಳಿಗೆ ಕೆಲಸ ಬೇಕು. 1986ರಿಂದ ತಿಪಟೂರಿನಲ್ಲೇ ಕಲ್ಪತರು ತಾಂತ್ರಿಕ ವಿದ್ಯಾಲಯ ಇದೆ. ಅಲ್ಲಿ ಓದಿದ ಹುಡುಗ ಹುಡುಗಿಯರು ಬೆಂಗಳೂರಿಗೆ ಹೋಗಿ ಯಾರ್ಯಾರದೋ ದೇಶದ ಸದಸ್ಯರಿಗೆ ಸಂದೇಶ ಹೋಗುವ ಯಂತ್ರ ಕಟ್ಟುತ್ತಾರೆ. ಶೆಟ್ಟಿಕೆರೆಯ ರೈತನಿಗೆ ಕನ್ನಡದ ಸಂದೇಶ ಕಟ್ಟಿಕೊಡಲು ಆಗುವುದಿಲ್ಲವೇ? ಆಗುತ್ತದೆ. ಯಾರೂ ಕೇಳಿಲ್ಲ, ಅಷ್ಟೇ. ಕನ್ನಡಕ್ಕೆ ಕೆಲಸ ಕೊಟ್ಟರೆ ಕನ್ನಡಿಗನಿಗೆ ಕೆಲಸ ಸಿಗುತ್ತದೆ ಎಂದು ಎಷ್ಟೋ ವರ್ಷಗಳಿಂದ ಹೇಳುತ್ತಾ ಬಂದಿದ್ದೇವೆ. ಇದು ಅದಕ್ಕೊಂದು ಸಣ್ಣ ಉದಾಹರಣೆ.

ಹೆಸರು ಕೂಡದಿದ್ದರೆ ಸದಸ್ಯನೇ ಇಲ್ಲ!

ಭಾಷೆಯ ಪ್ರಶ್ನೆ ಸಂದೇಶಕ್ಕೆ ಮುಗಿಯುವುದಿಲ್ಲ. ಪಟ್ಟಿಯ ಮೊದಲ ಕಾಲಂನಿಂದಲೇ ಶುರು. ಪಹಣಿಯಲ್ಲಿ "ಬಸವರಾಜು" ಎಂದು ಕನ್ನಡದಲ್ಲಿದೆ. ಆಧಾರದ ಇಂಗ್ಲಿಷಿನಲ್ಲಿ ಒಂದು ಕಾಗುಣಿತ, ಬ್ಯಾಂಕಿನಲ್ಲಿ ಇನ್ನೊಂದು ಕಾಗುಣಿತ, ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಮನುಷ್ಯ ಒಬ್ಬನೇ. ಇಂಗ್ಲಿಷ್ ಅಕ್ಷರವನ್ನು ಒಂದೊಂದಾಗಿ ಜೋಡಿಸಿ ನೋಡುವ ಯಂತ್ರಕ್ಕೆ ಮಾತ್ರ ಮೂವರು ಕಾಣುತ್ತಾರೆ. "ಹೆಸರು ಹೊಂದಿಕೆಯಾಗಿಲ್ಲ" ಎಂದು ತಳ್ಳಿಬಿಡುತ್ತದೆ.

ಪಟ್ಟಿ ಕೆಟ್ಟರೆ ರೈತನ ಗತಿ ಏನೆಂಬುದನ್ನು ಈ ಮೂರು ತಾಲ್ಲೂಕಿನವರು 2024ರಲ್ಲಿ ಕಣ್ಣಾರೆ ಕಂಡಿದ್ದಾರೆ. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ, ಅದರ ಮೇಲೆ ರಾಜ್ಯ ಸರ್ಕಾರದ್ದು 1,500. ನಾಫೆಡ್ ಖರೀದಿಗೆ ಹೆಸರು ಬರೆಸಲು ರೈತರು ರಾತ್ರಿಯೆಲ್ಲ ಸಾಲು ನಿಂತರು. ಅಕ್ರಮದ ದೂರುಗಳೆದ್ದು ಮೊದಲ ನೋಂದಣಿ ರದ್ದಾಯಿತು. ಮಾರ್ಚಿನಲ್ಲಿ ಮತ್ತೆ ಸಾಲು, ಮತ್ತೆ ಹೆಬ್ಬೆಟ್ಟು. ಅದು ಸರ್ಕಾರದ ದೊಡ್ಡ ಪಟ್ಟಿಯ ಕತೆ, ಅಲ್ಲಿನ ರೋಗವೂ ಬೇರೆ. ಆದರೆ ಪಟ್ಟಿಯಲ್ಲಿ ಹೆಸರಿರುವುದೇ ಹಕ್ಕು, ಹೆಸರಿಲ್ಲದಿದ್ದರೆ ಅಟ್ಟದ ತುಂಬಾ ಕೊಬ್ಬರಿ ಇದ್ದರೂ ಇಲ್ಲದಂತೆ ಎಂಬ ಪಾಠ ದೊಡ್ಡ ಪಟ್ಟಿಗೂ ಸಣ್ಣ ಪಟ್ಟಿಗೂ ಒಂದೇ.

ಆದ್ದರಿಂದ ಸಣ್ಣ ವ್ಯವಹಾರದವರು ಸದಸ್ಯನ ಹೆಸರನ್ನು ಅವನು ಬರೆಯುವ ಕನ್ನಡದಲ್ಲೇ ಇಟ್ಟುಕೊಳ್ಳಲಿ. ಗುರುತಿಗೆ ಸದಸ್ಯ ಸಂಖ್ಯೆ, ಫೋನ್ ನಂಬರು ಇವೆಯಲ್ಲ. ಹೆಸರು ಕೂಡದಿದ್ದರೆ ಯಂತ್ರವೇ ತೀರ್ಪು ಕೊಡುವುದು ಬೇಡ. ಆ ಸಾಲನ್ನು ಪಕ್ಕಕ್ಕೆ ಎತ್ತಿಟ್ಟು ಮನುಷ್ಯನ ಕೈಗೆ ಕೊಡಲಿ.

ಉತ್ಪಾದಕರ ಕಂಪನಿಗಳಲ್ಲಂತೂ ಇದು ದುಡ್ಡಿನ ಪ್ರಶ್ನೆಗಿಂತ ದೊಡ್ಡದು. ಹತ್ತು ಜನ ರೈತರು ಸೇರಿದರೆ ಇಂಥ ಕಂಪನಿ ಕಟ್ಟಬಹುದು. ಅಲ್ಲಿ ಬೆಳೆಗಾರ ಬರಿಯ ಗಿರಾಕಿಯಲ್ಲ, ಒಡೆಯ. ಸದಸ್ಯರೆಲ್ಲ ವ್ಯಕ್ತಿಗಳಾಗಿದ್ದಲ್ಲಿ ಷೇರು ಎಷ್ಟೇ ಇರಲಿ ಒಬ್ಬನಿಗೆ ಒಂದೇ ಮತ. ಸರ್ವಸದಸ್ಯರ ಸಭೆಗೆ 14 ದಿನ ಮೊದಲು ಬರಹದಲ್ಲಿ ನೋಟಿಸು ಕೊಡಬೇಕೆಂದು ಕಾನೂನು. ಆ ನೋಟಿಸು ಓದಲಾಗದ ಭಾಷೆಯಲ್ಲಿ ಬಂದರೆ ಒಡೆಯ ಮನೆಯಲ್ಲೇ ಉಳಿಯುತ್ತಾನೆ. ಸಭೆಯಲ್ಲಿ ಕೈ ಎತ್ತುವವರು ಇಂಗ್ಲಿಷ್ ಬಲ್ಲ ನಾಲ್ಕು ಜನ. ಮತದ ಹಕ್ಕು ಇಂಗ್ಲಿಷ್ ಬಂದವನಿಗೆ ಮಾತ್ರ ಎಂದು ಯಾವ ಕಾನೂನೂ ಹೇಳಿಲ್ಲ. ಒಂದು ಒಕ್ಕಣೆ ಹೇಳಿಬಿಡುತ್ತದೆ!

ಕಾನೂನು ನಮ್ಮ ಕಡೆ ಎಷ್ಟು?

2024ರ ತಿದ್ದುಪಡಿಯಿಂದ ಅಂಗಡಿಯ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದಾಯಿತು. ಬೀದಿಯಲ್ಲಿ ನಿಂತು ಗೆದ್ದ ಹಕ್ಕು ಅದು. ಆದರೆ ಫಲಕವಿಲ್ಲದ ಅಂಗಡಿ ಈಗ ಜೇಬಿನೊಳಗೇ ಇದೆ. ಅಲ್ಲಿ ಶೇ. 60 ಬೇಡ, ಶೇ. 6 ಕನ್ನಡ ಇದೆಯೇ ನೋಡಿ.

ಅಲ್ಲಿಗೂ ಹಿಡಿಕೆ ಇಲ್ಲದಿಲ್ಲ. 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಖಾತೆಯಿಂದ ಕಂತು ಕಂತಾಗಿ ತಂತಾನೇ ಹಣ ಕಡಿಯುವುದಾದರೆ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕು, ಬೇಡ ಎನ್ನಲು ದಾರಿ ಇರಬೇಕು. 2023ರ ನವೆಂಬರಿನಲ್ಲಿ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 13 ಬಗೆಯ ಕುಟಿಲ ತಂತ್ರಗಳನ್ನು ನಿಷೇಧಿಸಿತು. ಅದರಲ್ಲಿ "ಚಂದಾ ಬಲೆ"ಯೂ ಒಂದು. ಬಿಟ್ಟು ಹೋಗುವ ದಾರಿ ಮುಚ್ಚಿಡುವುದು, ನಿಲ್ಲಿಸುವ ಸೂಚನೆಯನ್ನು ಗೊಂದಲ ಮಾಡಿಡುವುದು ತಪ್ಪು ಎಂದಿತು. ಓದಲಾಗದ ಭಾಷೆಯ ಸೂಚನೆಗಿಂತ ದೊಡ್ಡ ಗೊಂದಲ ಯಾವುದಿದೆ?

ಎಲ್ಲಕ್ಕಿಂತ ಮುಖ್ಯವಾದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಮ್ಮ ಮಾಹಿತಿ ಪಡೆಯಲು ಒಪ್ಪಿಗೆ ಕೇಳುವ ತಿಳುವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದಲು ಅವಕಾಶ ಕೊಡಬೇಕೆಂದು ಆ ಕಾಯ್ದೆಯಲ್ಲೇ ಬರೆದಿದೆ. ಆ 22 ಭಾಷೆಗಳಲ್ಲಿ ಕನ್ನಡವೂ ಒಂದು. 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾಗಿವೆ, ಮುಖ್ಯ ಕಲಮುಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಇವತ್ತು ಯಂತ್ರ ಕಟ್ಟುವವನು ಕನ್ನಡ ಬಿಟ್ಟು ಕಟ್ಟಿದರೆ ನಾಳೆ ಒಡೆದು ಕಟ್ಟಬೇಕಾಗುತ್ತದೆ. ಈಗಲೇ ಕಟ್ಟಿದರೆ ಒಂದೇ ಖರ್ಚು.

ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ

ಬೇರೆಯವರ ಕಡೆ ಬೆರಳು ತೋರಿಸಿ ಸುಮ್ಮನಾದರೆ ಅದು ಪ್ರಾಮಾಣಿಕತೆಯಲ್ಲ. ನಾನು ಸದಸ್ಯನಾಗಿರುವ ಒಂದು ಕನ್ನಡ ಸಂಘಟನೆಯಿಂದ ಸದಸ್ಯತ್ವ ಮುಗಿಯುತ್ತಿದೆ ಎಂಬ ಸಂದೇಶ ಬಂತು. ಇಂಗ್ಲಿಷಿನಲ್ಲಿ! ರಾಜ್ಯೋತ್ಸವಕ್ಕೆ ಕೆಂಪು ಹಳದಿ ಬಾವುಟ, ಸದಸ್ಯರ ಪಟ್ಟಿಗೆ ಪರಭಾಷೆಯ ಗುಮಾಸ್ತ. ಕೇಳಿದರೆ ಅಲ್ಲೂ ಅದೇ ಉತ್ತರ: "ಸಿಸ್ಟಮ್ ಹಾಗೇ ಬಂದಿತ್ತು ಸಾರ್." ಗೋಕಾಕ್ ಚಳವಳಿಯಲ್ಲಿ 1982ರಲ್ಲಿ ಬೀದಿಗಿಳಿದವರ ಮಕ್ಕಳು ಮೊಮ್ಮಕ್ಕಳು ನಾವು. ನಮ್ಮ ಮನೆಯ ರಸೀದಿ ಪುಸ್ತಕ ಮೊದಲು ಕನ್ನಡವಾಗಲಿ. ಆಮೇಲೆ ಬ್ಯಾಂಕಿನ ಮುಂದೆ ಧರಣಿ ಕೂರೋಣ.

ಹಾಗಾದರೆ ಮಾಡಬೇಕಾದ್ದೇನು?

ಸದಸ್ಯತ್ವದ ವ್ಯವಹಾರ ನಡೆಸುವ ಗೆಳೆಯರೇ, ಒಂದು: ಪಟ್ಟಿಯಲ್ಲಿ ಭಾಷೆಯ ಕಾಲಂ ಇಡಿ, ಕನ್ನಡವೇ ಮೊದಲಿರಲಿ. ಎರಡು: ಸೇರುವಾಗಲೇ ಎಷ್ಟು ಹಣ, ಎಷ್ಟು ದಿನಕ್ಕೊಮ್ಮೆ, ನಿಲ್ಲಿಸುವುದು ಹೇಗೆ ಎಂಬ ಮೂರು ಮಾತು ಕನ್ನಡದಲ್ಲಿ ಕಾಣಲಿ. ಮೂರು: "ಬೇಡ" ಎಂದು ಕನ್ನಡದಲ್ಲಿ ಬರೆದು ಕಳಿಸಿದರೂ, ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೂ, ಒಂದು ಮಿಸ್ಡ್ ಕಾಲ್ ಕೊಟ್ಟರೂ ಯಂತ್ರಕ್ಕೆ ತಿಳಿಯಬೇಕು. ನಾಲ್ಕು: ಓದಲು ಕಣ್ಣು ಕಾಣದವರಿಗೆ ಧ್ವನಿಯಲ್ಲಿ ಹೇಳಿ, ಧ್ವನಿ ನಮ್ಮ ಸೀಮೆಯದಾಗಿರಲಿ. ಐದು: ದಿನಕ್ಕೊಂದು ಗಂಟೆಯಾದರೂ ಕನ್ನಡ ಮಾತಾಡುವ ಮನುಷ್ಯ ಫೋನಿಗೆ ಸಿಗಲಿ. ಒಕ್ಕಣೆ ಬರೆದ ಮೇಲೆ ನಿಮ್ಮ ತಾಯಿಗೋ ತಾತನಿಗೋ ಓದಲು ಕೊಡಿ. ಅವರು "ಏನಪ್ಪಾ ಇದು?" ಎಂದು ಕೇಳಿದರೆ ಮತ್ತೆ ಬರೆಯಿರಿ.

ಓದುಗರೇ, ನಿಮ್ಮ ಕೆಲಸವೂ ಇದೆ. ಇವತ್ತು ರಾತ್ರಿ ಮನೆಯ ಹಿರಿಯರ ಫೋನು ತೆಗೆದುಕೊಳ್ಳಿ. ಹಣ ಕಳಿಸುವ ಆ್ಯಪ್‌ನಲ್ಲಿ "ಆಟೋಪೇ" ಎಂಬ ಜಾಗ ಹುಡುಕಿ. 2020ರ ಜುಲೈನಲ್ಲಿ ಯುಪಿಐಗೆ ಬಂದ ವ್ಯವಸ್ಥೆ ಅದು. ಯಾರ್ಯಾರಿಗೆ ಎಷ್ಟೆಷ್ಟು ಎತ್ತಿಕೊಳ್ಳಲು ಒಪ್ಪಿಗೆ ಕೊಟ್ಟಿದ್ದಾರೆ ಎಂಬ ಪಟ್ಟಿ ಅಲ್ಲಿರುತ್ತದೆ. ಒಂದೊಂದನ್ನೂ ಕನ್ನಡದಲ್ಲಿ ಅವರಿಗೆ ಓದಿ ಹೇಳಿ. ಬೇಡವೆಂದದ್ದನ್ನು ಅವರ ಎದುರೇ ರದ್ದು ಮಾಡಿ. ಆಮೇಲೆ ಆ ವ್ಯವಹಾರದವರಿಗೆ ಒಂದು ಫೋನು ಮಾಡಿ: "ನಮಗೆ ಕನ್ನಡದಲ್ಲಿ ಕಳಿಸಿ." ಜಗಳ ಬೇಡ, ಬೈಗುಳ ಬೇಡ. ಆದರೆ ಬಿಡಬೇಡಿ. ನಾನ್ನೂರು ಸದಸ್ಯರಲ್ಲಿ ನಲವತ್ತು ಜನ ಕೇಳಿದರೆ ಸಣ್ಣ ವ್ಯಾಪಾರಿ ಕಿವಿಗೊಡಲೇಬೇಕು.

ದೊಡ್ಡಪ್ಪನ ಕತೆ ಏನಾಯಿತು ಎಂದು ಕೇಳುತ್ತೀರಾ? ಆ ಹುಡುಗ ಹಣ ವಾಪಸು ಕೊಟ್ಟಿದ್ದಲ್ಲದೆ ಒಕ್ಕಣೆಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿದ. ಮೂರು ತಿಂಗಳ ಮೇಲೆ ದೊಡ್ಡಪ್ಪನ ಫೋನಿಗೆ ಸಂದೇಶ ಬಂತು. ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರಂತೆ. ಆಮೇಲೆ ನನಗೆ ಫೋನು ಮಾಡಿದರು.

"ಮುನ್ನೂರು ಕಟ್ಟು ಅಂತಾವ್ನೆ ಕಣ್ಲಾ. ಕೊಬ್ಬರಿ ರೇಟು, ಬಿಳಿ ನೊಣದ ಔಷಧಿ ಎಲ್ಲಾ ಹೇಳ್ತಾನಂತೆ. ಇದು ಮೊದ್ಲೇ ಹೇಳಿದ್ರೆ ಆಗ್ತಿರ್ಲಿಲ್ವಾ? ಕಟ್ಟೇ ಬಿಡ್ತೀನಿ."

ಕಟ್ಟಿದರು. ಈ ಸಲ ತಿಳಿದು ಕಟ್ಟಿದರು. ಇಂಗ್ಲಿಷಿನ ಯಂತ್ರ ಅವರ ಖಾತೆಯಿಂದ ಹಣ ಮಾತ್ರ ತೆಗೆದುಕೊಂಡಿತ್ತು. ಕನ್ನಡ ಬಂದ ಮೇಲೆ ಅದಕ್ಕೆ ಒಬ್ಬ ಸದಸ್ಯ ಸಿಕ್ಕಿದ. ಇಷ್ಟು ಅರ್ಥವಾಗದವರು ಕೊಬ್ಬರಿ ಸೀಮೆಯಲ್ಲಿ ವ್ಯಾಪಾರ ಮಾಡುವುದೆಂತು?